ಮಗಳ ಊರಿನ ಹೆಸರು

ಮಗಳು ಪ್ರಿಯಾಳಿಗೆ ಗಂಡು ನೋಡಲು ಶುರುಮಾಡಿದಾಗ ಚನ್ನಮ್ಮ ಒಂದೇ ಒಂದು ಕರಾರು ಹಾಕಿದ್ದಳು. ಹುಡುಗ ಕಪ್ಪಗಿರಲಿ, ಕುಳ್ಳಗಿರಲಿ, ಮನೆ ತುಂಬ ನಾದಿನಿಯರಿರಲಿ, ನಡೆಯುತ್ತದೆ. ನಾಸಿಕ್ ರೋಡಿನಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮಗಳ ಮನೆ ಮುಟ್ಟಬೇಕು, ಅಷ್ಟೆ. ಈ ಕರಾರಿನ ಮೇಲೆ ಕಲಬುರಗಿಯ ಒಬ್ಬ ಲೆಕ್ಚರರ್ ಹೋದ, ಹೈದರಾಬಾದಿನಲ್ಲಿ ಔಷಧಿ ಅಂಗಡಿಯಿದ್ದ ಸೋದರ ಸಂಬಂಧಿಯೊಬ್ಬ ಹೋದ. ಪ್ರಿಯಾಳಿಗೆ ಇಪ್ಪತ್ತಾರು ತುಂಬಿತು.

ಚನ್ನಮ್ಮನನ್ನು ದೂರುವಂತೆಯೂ ಇರಲಿಲ್ಲ. ಭಾಲ್ಕಿ ಕಡೆಯವಳು. ಗಂಡ ಶರಣಪ್ಪನಿಗೆ ನಾಸಿಕ್ ರೋಡಿನ ಸರ್ಕಾರಿ ನೋಟು ಮುದ್ರಿಸುವ ಪ್ರೆಸ್ಸಿನಲ್ಲಿ ಕೆಲಸವಾಗಿದ್ದರಿಂದ ಅವನ ಹಿಂದೆ ಈ ಊರಿಗೆ ಬಂದಿದ್ದಳು. ಪ್ರಿಯಾ ಏಳನೆಯ ತರಗತಿಯಲ್ಲಿದ್ದಾಗ ಅವನು ತೀರಿಕೊಂಡ. ಅವನ ಜಾಗದಲ್ಲಿ ಅವಳಿಗೆ ಕೆಲಸ ಕೊಟ್ಟರು. ಅಂದಿನಿಂದ ಜೇಲ್ ರೋಡಿನ ಎರಡು ಕೋಣೆಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಒಂದೇ ಹಾಸಿಗೆ, ಒಂದೇ ತಾಟು. ಪ್ರಿಯಾ ಬಿ.ಕಾಂ. ಮುಗಿಸಿದ ವರ್ಷ ಅದೇ ಜಿಲ್ಲೆಯ ಸಟಾಣಾದಲ್ಲಿ ಈರುಳ್ಳಿ ವ್ಯಾಪಾರದ ಸಂಸ್ಥೆಯೊಂದರಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತ್ತು. ಅಲ್ಲೇ ರೂಮು ಮಾಡಿಕೊಂಡು ಇರಬೇಕಾಗಿತ್ತು. ಚನ್ನಮ್ಮ ಎರಡು ದಿನ ಊಟ ಬಿಟ್ಟಳು. ಪ್ರಿಯಾ ಹೋಗಲಿಲ್ಲ. ಮನೆಯಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳತೊಡಗಿದಳು.

ಎರಡು ಸಾವಿರದ ಆರರ ಬೇಸಿಗೆಯಲ್ಲಿ ಮೈದುನ ವಿಶ್ವನಾಥಪ್ಪ ಒಂದು ಸಂಬಂಧ ತಂದ. ಅವನಿಗೆ ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ. ಹುಡುಗ ಅಮರ ಅದೇ ಊರಿನವನು, ಬ್ಯಾಂಕಿನಲ್ಲಿ ಆಫೀಸರ್. ಮೆತ್ತಗೆ ಮಾತಾಡುವ, ಕನ್ನಡಕದ ಹುಡುಗ. ಚನ್ನಮ್ಮ ಎದುರಿಗೆ ಕೂತು ಕೇಳಬೇಕಾದ್ದನ್ನು ಮೊದಲೇ ಕೇಳಿದಳು.

"ಡ್ಯೂಟಿ ಎಲ್ಲಿರಿ ನಿಮ್ದು?"

"ಸದ್ಯ ಔರಂಗಾಬಾದಿನ್ಯಾಗ ಇದ್ದೀನ್ರಿ. ಇನ್ನಾ ಎರಡು ಮೂರು ವರ್ಷ ಅಲ್ಲೇ."

ಚನ್ನಮ್ಮನ ಮುಖ ಅರಳಿತು. "ಔರಂಗಾಬಾದ್! ಇಲ್ಲೇ ಬಾಜೂಕ ಅದಲ್ಲ! ತಪೋವನ ಗಾಡಿಗಿ ಕುಂತ್ರ ಮಧ್ಯಾಹ್ನಕ್ಕ ಇಳೀತೀವಿ."

ಅಮರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪ್ರಿಯಾ ಮಂಡಕ್ಕಿಯ ಸುಸಲಾದ ತಾಟುಗಳನ್ನು ಹಿಡಿದು ಬಂದಳು. ವಿಶ್ವನಾಥಪ್ಪ, "ಮದ್ಲ ತಿನ್ರಿ, ಮಾತು ಎಲ್ಲಿ ಹೋಗ್ತಾವ" ಎಂದ. ಆಮೇಲೆ ಹುಡುಗ ಹುಡುಗಿ ಒಳಕೋಣೆಯಲ್ಲಿ ಸ್ವಲ್ಪ ಹೊತ್ತು ಮಾತಾಡಿದರು. ಹೊರಗೆ ಬಂದಾಗ ಪ್ರಿಯಾ ತಾಯಿಯ ಕಿವಿಯಲ್ಲಿ, "ನನಗ ಪಸಂದ್ ಅದ ಅವ್ವ" ಎಂದಳು. ಇಷ್ಟು ನೇರವಾಗಿ ಅವಳು ಯಾವುದನ್ನೂ ಕೇಳಿದ್ದಿಲ್ಲ.

ಮದುವೆ ಹುಮನಾಬಾದಿನಲ್ಲಿ ಆಯಿತು. ಲಗ್ನಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ 'ಬ್ಯಾಂಕ್ ಅಧಿಕಾರಿ, ಔರಂಗಾಬಾದ್' ಎಂದು ಅಚ್ಚಾಗಿತ್ತು. ಹೆಣ್ಣೊಪ್ಪಿಸುವಾಗ ಉಳಿದ ಹೆಂಗಸರೆಲ್ಲ ಅತ್ತರೂ ಚನ್ನಮ್ಮ ಅಳಲಿಲ್ಲ. "ಯಾಕ ಅಳಲಿ? ಮುಂದಿನ ವಾರ ಹೋಗಿ ನೋಡ್ಕೊಂಡು ಬರ್ತೀನಿ" ಎಂದು ನಕ್ಕಳು. ಹೈದರಾಬಾದಿನಲ್ಲಿ ಅಮರನ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಅಲ್ಲಿಂದಲೇ ಊರಿಗೆ ಹೋಗುತ್ತೇವೆ ಎಂದು ಹೇಳಿ ಗಂಡಹೆಂಡತಿ ಹೊರಟರು. ಚನ್ನಮ್ಮ ನಾಸಿಕ್ ರೋಡಿಗೆ ಹಿಂತಿರುಗಿದಳು.

ಮುಂದಿನ ವಾರ ಹೋಗಲಾಗಲಿಲ್ಲ. ಮನೆ ಇನ್ನೂ ಸಿಕ್ಕಿಲ್ಲ, ಲಾಡ್ಜಿನಂಥ ರೂಮಿನಲ್ಲಿದ್ದೇವೆ ಎಂದಳು ಪ್ರಿಯಾ. ಮನೆ ಸಿಕ್ಕ ಮೇಲೆ ಸುಣ್ಣ ಬಳಿಯುತ್ತಿದ್ದಾರೆ ಎಂದಳು. ಆಮೇಲೆ ಅತ್ತೆ ಬಂದಿದ್ದಾರೆ, ಈಗ ಬ್ಯಾಡ ಎಂದಳು. ಫೋನು ಮಾತ್ರ ತಪ್ಪಿಸುತ್ತಿರಲಿಲ್ಲ. "ನೀ ಹಚ್ಚಬ್ಯಾಡ, ಬಿಲ್ ಬರ್ತದ, ನಾನೇ ಹಚ್ತೀನಿ" ಎಂದು ಸಂಜೆ ಅವಳೇ ಮಾಡುತ್ತಿದ್ದಳು. ಬಿಸಿಲು ಭಾಳ, ನಳದ ನೀರು ದಿನ ಬಿಟ್ಟು ದಿನ ಬರುತ್ತದೆ, ಬೀಬಿ ಕಾ ಮಕ್ಬರಾ ನೋಡಿದೆವು, ದೂರದಿಂದ ಥೇಟ್ ತಾಜಮಹಲು, ಹತ್ತಿರ ಹೋದರೆ ಅಷ್ಟೇನಿಲ್ಲ. ಶ್ರಾವಣದ ಮೊದಲ ಸೋಮವಾರ, ಎಲ್ಲೋರದ ಗುಹೆಗಳ ಪಕ್ಕದ ವೇರೂಳದ ಜ್ಯೋತಿರ್ಲಿಂಗಕ್ಕೆ ಹೋಗಿದ್ದಾಗಿ ಹೇಳಿದಳು. "ಪಾಳಿ ಭಾಳ ಇತ್ತು ಅವ್ವ. ಘೃಷ್ಣೇಶ್ವರಗ ನಿನ್ನ ಹೆಸರಿಲೆ ಬಿಲ್ವಪತ್ರಿ ಏರಿಸ್ದೆ."

ಆ ರಾತ್ರಿ ಚನ್ನಮ್ಮ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದಳು. ಮರುದಿನ ಪ್ರೆಸ್ಸಿನಲ್ಲಿ ಜೊತೆಯವರಿಗೆಲ್ಲ ಅದನ್ನೇ ಹೇಳಿದಳು. ಪಕ್ಕದಲ್ಲಿ ಕೂತು ಕೆಲಸ ಮಾಡುವ ಪ್ರೇಮಾಬಾಯಿಗೆ ಎರಡು ಸಲ ಹೇಳಿದಳು.

ಶ್ರಾವಣ ಮುಗಿಯುವ ಮುಂಚೆ ಅವಳಿಗೆ ತಡೆಯಲಾಗಲಿಲ್ಲ. ಹೇಳದೆ ಹೋಗಿ ಮಗಳನ್ನು ಚಕಿತಗೊಳಿಸಬೇಕೆಂದು ರಜೆ ಹಾಕಿದಳು. ಮದುವೆಯಲ್ಲಿ ಕೊಡಲೆಂದು ತೆಗೆದು, ಸಂಸಾರ ಹೂಡಿದ ಮೇಲೆ ಕೊಟ್ಟರಾಯಿತೆಂದು ಇಟ್ಟುಕೊಂಡಿದ್ದ ಸ್ಟೀಲು ಪಾತ್ರೆಗಳನ್ನು ಗೋಣಿಚೀಲದಲ್ಲಿ ಕಟ್ಟಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯದ ಡಬ್ಬಿ ಬೇರೆ. ತಪೋವನ ಎಕ್ಸ್‌ಪ್ರೆಸ್ಸಿನಲ್ಲಿ ಎದುರಿಗೆ ಕೂತವರಿಗೆ, ಕೇಳದಿದ್ದರೂ, ಮಗಳ ಮನೆಗೆ ಹೊರಟಿದ್ದೇನೆಂದು ಮರಾಠಿಯಲ್ಲಿ ಹೇಳಿದಳು.

ಈಗ ಛತ್ರಪತಿ ಸಂಭಾಜಿನಗರ ಎನ್ನುವ ಆ ಊರಿಗೆ ಆಗ ಔರಂಗಾಬಾದ್ ಎಂದೇ ಹೆಸರು. ಮನೆಯ ವಿಳಾಸ ಗೊತ್ತಿಲ್ಲದಿದ್ದರಿಂದ ಚನ್ನಮ್ಮ ಆಟೋದವನಿಗೆ ಬ್ಯಾಂಕಿನ ಹೆಸರು ಹೇಳಿದಳು. ಅವನು ಕ್ರಾಂತಿ ಚೌಕದ ಹತ್ತಿರದ ದೊಡ್ಡ ಶಾಖೆಯ ಮುಂದೆ ಇಳಿಸಿದ. ಗೋಣಿಚೀಲವನ್ನು ಕಾವಲುಗಾರನ ಪಕ್ಕದಲ್ಲಿಟ್ಟು ಒಳಗೆ ಹೋಗಿ, ಅಮರ ಬಿರಾದಾರ ಸಾಹೇಬರನ್ನು ಕಾಣಬೇಕು, ನಾನು ಅವರ ಅತ್ತೆ ಎಂದಳು.

ಅಂಥವರು ಇಲ್ಲಿ ಯಾರೂ ಇಲ್ಲ ಎಂದ ಕೌಂಟರಿನವನು. ಊರಿನ ಬೇರೆ ಶಾಖೆಯಲ್ಲಿರಬಹುದೇನೋ ಎಂದು ಅವನು ಒಳಗೆ ಕೇಳಿಕೊಂಡು ಬಂದ. ಅವನ ಹಿಂದೆ ಹತ್ತಿಯ ಸೀರೆಯ ಹೆಂಗಸೊಬ್ಬಳು ಬಂದಳು. ಅವಳ ಹೆಸರು ಮಂದಾಕಿನಿ. ಧಾರವಾಡದಿಂದ ವರ್ಗವಾಗಿ ಬಂದ ಆಫೀಸರ್.

"ಕನ್ನಡದವ್ರೇನ್ರಿ? ಬರ್ರಿ, ಕೂಡ್ರಿ. ಯಾರ್ ಬೇಕಾಗಿತ್ತು?"

ಕನ್ನಡ ಕೇಳಿ ಚನ್ನಮ್ಮನಿಗೆ ಧೈರ್ಯ ಬಂತು. ಅಳಿಯನ ಹೆಸರು, ಊರು, ಮದುವೆಯಾದ ತಿಂಗಳು ಎಲ್ಲ ಹೇಳಿದಳು. ಮಂದಾಕಿನಿ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದವಳು ತಟ್ಟನೆ, "ಹುಮನಾಬಾದಿನ ಅಮರ? ಚಷ್ಮಾ ಹಾಕ್ತಾರಲ್ಲ?" ಎಂದಳು. "ಅವ್ರು ಗೊತ್ತ್ರಿ. ಟ್ರೇನಿಂಗ್‌ನ್ಯಾಗ ಕೂಡೇ ಇದ್ವಿ. ಆದ್ರ ಅವ್ರು ಇಲ್ಲಿಲ್ರಿ. ಬಿಹಾರದಾಗ ಇದ್ದಾರ."

"ಬಿಹಾರ ಅಲ್ರಿ. ಔರಂಗಾಬಾದ್."

"ಹೌದ್ರಿ. ಬಿಹಾರದಾಗೂ ಒಂದು ಔರಂಗಾಬಾದ್ ಅದ. ಗಯಾದ ಆ ಕಡೆ. ನಮ್ಮ ಟಪಾಲು ಎಷ್ಟೋ ಸಲ ಅಲ್ಲಿಗೆ ಹೋಗ್ತದ, ಅವ್ರದು ಇಲ್ಲಿಗೆ ಬರ್ತದ."

ಇಬ್ಬರು ಮನುಷ್ಯರಿಗೆ ಒಂದೇ ಹೆಸರಿರುವುದು ಚನ್ನಮ್ಮನಿಗೆ ಗೊತ್ತಿತ್ತು. ಪ್ರೆಸ್ಸಿನಲ್ಲೇ ಇಬ್ಬರು ಪ್ರೇಮಾಬಾಯಿಯರಿದ್ದರು. ಊರಿಗೂ ಹಾಗಿರುತ್ತದೆ ಎಂದು ಯೋಚಿಸುವ ಪ್ರಸಂಗ ಬಂದಿರಲಿಲ್ಲ.

"ಹಂಗ ಇರ್ತಾವೇನ್ರಿ ಊರು?"

"ಇರ್ತಾವ್ರಿ. ರಾಮಪುರ ಎಷ್ಟಾವ ಲೆಕ್ಕಿಲ್ಲ. ಹೈದರಾಬಾದ್ ಪಾಕಿಸ್ತಾನದಾಗೂ ಒಂದದ." ಮಂದಾಕಿನಿ ನಗಲು ಹೋಗಿ ನಿಲ್ಲಿಸಿದಳು. "ನಿಮಗ ಹೇಳಿರ್ಲಿಲ್ಲೇನ್ರಿ?"

ಅಳಿಯ ಸುಳ್ಳು ಹೇಳಿ ಮಗಳನ್ನು ಎಲ್ಲಿಗೋ ಒಯ್ದಿದ್ದಾನೆ. ಮೊದಲು ಬಂದದ್ದು ಅದೇ ಯೋಚನೆ. ಮಗು ಹೆದರಿಕೊಂಡು ತನ್ನ ಮುಂದೆ ಮುಚ್ಚಿಡುತ್ತಿದೆ. ಚೀಲದಿಂದ ಪ್ರಿಯಾಳ ಮೊಬೈಲ್ ನಂಬರಿನ ಚೀಟಿ ತೆಗೆದಳು. ಮಂದಾಕಿನಿ ತನ್ನ ಮೇಜಿನ ಫೋನಿನಿಂದ ಹಚ್ಚಿ ಕೊಟ್ಟಳು. ಚನ್ನಮ್ಮ ಮಗಳ ಹೆಸರು ಹಿಡಿದು ಕರೆದಳು.

"ಅವ್ವ? ಈಗ್ಯಾಕ ಹಚ್ಚಿದಿ? ಡ್ಯೂಟಿ ಇಲ್ಲೇನು?" ಪ್ರಿಯಾಳ ದನಿ ಆರಾಮಾಗಿತ್ತು.

"ಇಲ್ಲ. ಏನ್ ಮಾಡ್ಲತ್ತಿದಿ?"

"ಏನಿಲ್ಲ, ಅರಿವಿ ಒಣಗಸ್ಲತ್ತಿದ್ದೆ. ಮಳಿ ಬಂದು ನಿಂತದ ಇಲ್ಲಿ."

ಚನ್ನಮ್ಮ ಕಿಟಕಿಯ ಹೊರಗೆ ನೋಡಿದಳು. ಕ್ರಾಂತಿ ಚೌಕದಲ್ಲಿ ಬಿಸಿಲು ಕಣ್ಣು ಕುಕ್ಕುತ್ತಿತ್ತು.

"ನಿನ್ನೆ ಸೋಮವಾರ. ವೇರೂಳಕ್ಕ ಹೋಗಿದ್ರೇನು?"

"ಹೋಗಿದ್ವಿ. ಈ ಸಲ ಗದ್ದಲ ಕಡಿಮಿ ಇತ್ತು. ಲಗೂನ ದರ್ಶನ ಆತು."

ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಯಾರೋ ಪಕ್ಕದಲ್ಲಿ ನಿಂತು ಹೇಳಿಸುತ್ತಿರುವಂತೆಯೂ ಇರಲಿಲ್ಲ. ಪ್ರಿಯಾ ಚಿಕ್ಕಂದಿನಲ್ಲಿ ಶಾಲೆಯ ಸುದ್ದಿ ಹೇಳುತ್ತಿದ್ದಳಲ್ಲ, ಹಾಗೇ ಇತ್ತು.

"ಪ್ರಿಯಾ, ನಾ ನಿಮ್ಮ ಊರಾಗ ಬಂದೀನಿ. ಬ್ಯಾಂಕಿನ್ಯಾಗ ಕುಂತೀನಿ."

ಅತ್ತ ಕಡೆ ಹಿಂದಿಯಲ್ಲಿ ತರಕಾರಿಯವನು ಕೂಗುವುದು ಕೇಳಿಸಿತು.

"ಅವ್ವ..."

"ನಿನಗ ಗೊತ್ತಿತ್ತಾ? ಲಗ್ನಕ್ಕ ಮದ್ಲ?"

"ಗೊತ್ತಿತ್ತು."

ಚನ್ನಮ್ಮ ಫೋನನ್ನು ಮಂದಾಕಿನಿಯ ಕೈಗೆ ಕೊಟ್ಟಳು. ಮಂದಾಕಿನಿ ತನ್ನ ಮನೆಗೆ ಬಂದು ಒಂದು ದಿನ ಇದ್ದು ಹೋಗಲು ಹೇಳಿದಳು, ನೀರು ತರಿಸಿದಳು. ಚನ್ನಮ್ಮ ನೀರು ಕುಡಿದು, ಪುಂಡಿ ಪಲ್ಯದ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಕೆಡ್ತದ, ನೀವೇ ಉಣ್ರಿ" ಎಂದು ಎದ್ದಳು. ಗೋಣಿಚೀಲ ಹೊತ್ತುಕೊಂಡು ಸಂಜೆಯ ಎಸ್.ಟಿ. ಬಸ್ಸು ಹಿಡಿದಳು. ಅರ್ಧ ದಾರಿಯ ಯೇವಲಾ ದಾಟುವವರೆಗೆ ಅವಳಿಗೆ ಅಳು ಬರಲಿಲ್ಲ. ಬಂದ ಮೇಲೆ ನಿಲ್ಲಲಿಲ್ಲ.

ಮರುದಿನ ವಿಶ್ವನಾಥಪ್ಪನಿಗೆ ಫೋನು ಮಾಡಿದಳು. ಅವನು ಮೊದಲು ಅದು ಇದು ಹೇಳಿದ, ಕೊನೆಗೆ ಒಪ್ಪಿಕೊಂಡ.

"ವೈನಿ, ಆ ಹುಡುಗನ ತಪ್ಪಿಲ್ರಿ. ಅವ ಹುಡುಗಿ ಮುಂದ ಅವತ್ತೇ ಖರೇ ಹೇಳ್ಯಾನ. ಅವ್ವಗ ನಾ ಹೇಳ್ತೀನಿ ಅಂದಾಳ ಪ್ರಿಯಾ. ನನ್ನ ಮುಂದ ಕೈ ಮುಗದು, ಕಾಕಾ ನೀವು ಸುಮ್ಮಿರ್ರಿ ಅಂದ್ಳು. ನಾ ಏನ್ ಮಾಡ್ಲಿ?"

"ಲಗ್ನದಾಗ ಯಾರ್ ಯಾರಿಗಿ ಗೊತ್ತಿತ್ತು?"

"ಅದೆಲ್ಲ ಈಗ ಯಾಕ್ರಿ ವೈನಿ" ಎಂದ ವಿಶ್ವನಾಥಪ್ಪ. ಚನ್ನಮ್ಮನಿಗೆ ಮಂಟಪದ ಮುಖಗಳೆಲ್ಲ ಒಂದೊಂದಾಗಿ ಕಂಡವು. ಹೆಣ್ಣೊಪ್ಪಿಸುವಾಗ ಅತ್ತ ಹೆಂಗಸರು ತನ್ನನ್ನು ನೋಡಿ ಅತ್ತಿದ್ದರು. ಮುಂದಿನ ವಾರ ಹೋಗುತ್ತೇನೆ ಎಂದು ತಾನು ನಕ್ಕಿದ್ದಳು.

ಪ್ರಿಯಾಳ ಫೋನು ದಿನಾ ಬರುತ್ತಿತ್ತು. ಚನ್ನಮ್ಮ ಎತ್ತಲಿಲ್ಲ. ದೀಪಾವಳಿಗೆ ಎರಡು ದಿನ ಮುಂಚೆ ಪ್ರಿಯಾ ಒಬ್ಬಳೇ ಬಂದಳು. ರೈಲಿನ ಧೂಳು ಮುಖದ ಮೇಲೆ ಹಾಗೇ ಇತ್ತು. ಚನ್ನಮ್ಮ ನೀರು ಕಾಯಿಸಿದಳು, ಎಣ್ಣೆ ಹಚ್ಚಿದಳು, ಊಟಕ್ಕೆ ಬಡಿಸಿದಳು. ಎರಡು ತಾಟಿನಲ್ಲಿ ಬಡಿಸಿದಳು.

ಊಟದ ಮಧ್ಯೆ ಪ್ರಿಯಾಳೇ ಮಾತು ಶುರುಮಾಡಿದಳು. ಕನ್ನಡ ಸಾಲದೆ ಹೋದಾಗ ಅವಳಿಗೆ ಮರಾಠಿ ಬರುತ್ತಿತ್ತು. ಈಗ ಮಾತ್ರ ಒಂದೊಂದೇ ಕನ್ನಡದ ಶಬ್ದ ಹುಡುಕಿ ಹೇಳಿದಳು.

"ಹೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅಂತಿದ್ದೆ."

"ಸಟಾಣಾ ಬ್ಯಾಡ ಅಂದಿ. ಕಲಬುರಗಿ ಬ್ಯಾಡ ಅಂದಿ. ನಾಕು ತಾಸಿನ ದಾರಿ ಅಂದ್ರ ನೀ ಪ್ರತಿ ಐತವಾರ ಬರ್ತಿದ್ದಿ ಅವ್ವ. ನನಗ ಉಸಿರು ಬಿಡಲಾಕ ಜಾಗಾ ಬೇಕಾಗಿತ್ತು."

ಚನ್ನಮ್ಮ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. ಈ ಮಾತನ್ನು ಅವಳು ಎದುರು ನೋಡಿರಲಿಲ್ಲ. ಬಹಳ ನೋವಾಯಿತು. ಅದು ಸುಳ್ಳಲ್ಲವೆಂದೂ ಅನ್ನಿಸಿತು.

"ಆತು. ದೂರ ಹೋಗಬೇಕಿತ್ತು, ಹೋದಿ. ಸುಮ್ಮಿದ್ರ ಆಗ್ತಿತ್ತು. ವೇರೂಳದ ಗುಡಿ ಸುದ್ದಿ ಯಾಕ ಹೇಳಿದಿ?"

ಪ್ರಿಯಾ ತಲೆ ತಗ್ಗಿಸಿದಳು.

"ನನ್ನ ಹೆಸರಿಲೆ ಪತ್ರಿ ಏರಿಸ್ದೆ ಅಂದಿ. ಪಾಳಿ ಇತ್ತು ಅಂದಿ. ಅದ್ಯಾಕ? ನಾ ಕೇಳಿರ್ಲಿಲ್ಲ."

"ನಿನಗ ಖುಷಿ ಆಗ್ತಿತ್ತು. ನಿನ್ನ ಆವಾಜ್ ಬದಲಾಗ್ತಿತ್ತು ಫೋನಿನ್ಯಾಗ. ಒಂದ್ಸಲ ಹೇಳ್ದೆ, ಆಮ್ಯಾಲ ನಿಂದ್ರಸ್ಲಾಕ ಬರ್ಲಿಲ್ಲ."

"ದೀಪ ಹಚ್ಚಿದ್ದೆ ನಾ ಅವತ್ತು" ಎಂದಳು ಚನ್ನಮ್ಮ. ಎದ್ದು ಕೈ ತೊಳೆದುಕೊಂಡಳು. ಪ್ರಿಯಾ ಹಿಂದಿನಿಂದ ಬಂದು ಹೆಗಲು ಹಿಡಿದಾಗ ಅವಳು ಕೊಡವಿಕೊಳ್ಳಲಿಲ್ಲ, ತಿರುಗಲೂ ಇಲ್ಲ.

ಹಬ್ಬ ಮಾಡಿದರು. ಹೊರಡುವ ದಿನ ಚನ್ನಮ್ಮ ಸ್ಟೇಷನ್ನಿಗೆ ಹೋಗಿ ಪಾತ್ರೆಯ ಗೋಣಿಚೀಲವನ್ನು ಸೀಟಿನ ಕೆಳಗೆ ತಾನೇ ತಳ್ಳಿದಳು. ಬಾ ಅವ್ವ ಎಂದು ಪ್ರಿಯಾ ಎಷ್ಟೋ ಸಲ ಕರೆದಳು. ನೋಡೋಣ ಎಂದಳು ಚನ್ನಮ್ಮ. ಪ್ರೆಸ್ಸಿನಲ್ಲಿ ಯಾರಾದರೂ ಕೇಳಿದರೆ ಮಗಳು ಬಿಹಾರದಲ್ಲಿದ್ದಾಳೆ ಎನ್ನುತ್ತಿದ್ದಳು. ಊರಿನ ಹೆಸರು ಹೇಳುತ್ತಿರಲಿಲ್ಲ.

ಫೋನು ಎತ್ತಲು ಮಾತ್ರ ಮತ್ತೆ ಶುರುಮಾಡಿದಳು. ಮಾರನೆಯ ವರ್ಷ ಹೋಳಿಯ ಹೊತ್ತಿಗೆ ಒಂದು ಸಂಜೆ ಪ್ರಿಯಾ ಫೋನು ಮಾಡಿದಾಗ ಅವಳ ದನಿಯಲ್ಲಿ ನಗುವೂ ನಾಚಿಕೆಯೂ ಇತ್ತು.

"ಅವ್ವ, ಒಂದು ಸುದ್ದಿ ಅದ. ನೀ ಅಜ್ಜಿ ಆಗ್ಲತ್ತಿದಿ."

ಚನ್ನಮ್ಮನ ಎದೆ ಒಮ್ಮೆ ಹಾರಿತು. ಕುರ್ಚಿ ಎಳೆದುಕೊಂಡು ಕೂತಳು. ಏನಾದರೂ ಹೇಳಬೇಕು, ಹರಸಬೇಕು. ಬಾಯಿಗೆ ಬಂದದ್ದು ಬೇರೆ.

"ಅಮರಪ್ಪ ಮನ್ಯಾಗ ಇದ್ದಾರೇನು?"

"ಇದ್ದಾರ. ಯಾಕ?"

"ಅವರ ಕೈಯಾಗ ಫೋನ್ ಕೊಡು."

ತಾಯಿ ಏಕೆ ಕೇಳುತ್ತಿದ್ದಾಳೆ ಎಂದು ಪ್ರಿಯಾಳಿಗೆ ತಿಳಿಯಿತು. ಅಳು ನುಂಗಿಕೊಂಡದ್ದು ಇತ್ತ ಚನ್ನಮ್ಮನಿಗೂ ಕೇಳಿಸಿತು. ಬೇಡ ಬಿಡು ಎನ್ನಬಹುದಾಗಿತ್ತು. ಅನ್ನಲಿಲ್ಲ. ಅಮರ ಬಂದು, "ಹೌದ್ರಿ ಅತ್ತಿ, ಖರೇ ಅದರಿ, ನಿನ್ನೆ ಡಾಕ್ಟರ್ ಹೇಳ್ಯಾರ" ಎಂದ ಮೇಲೆಯೇ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳಿಗೆ ಏನೇನು ತಿನ್ನಬೇಕೆನಿಸಿದೆ ಎಂದು ಅವನನ್ನೇ ಕೇಳತೊಡಗಿದಳು.