ಸೇತುವೆಯ ಮೇಲಿನ ಹುಡುಗ

ಆ ಕಚೇರಿಯಲ್ಲಿ ಹೆಣ ಗುಡಿಸುವ ಕೆಲಸ ಪೊರಕೆಯದು. ಹಾಗೆಂದು ಅವನ ಕೈಗೆ ಮಣ್ಣು ಹತ್ತುತ್ತಿರಲಿಲ್ಲ. ಕೀಲಿಮಣೆಯ ಪಕ್ಕದಲ್ಲಿ ಚಹಾವನ್ನು ಆರಲು ಬಿಟ್ಟು, ವಿಡಿಯೊ ಗೇಮಿನೊಳಗೆ ಸತ್ತವರು ಯಾವಾಗ ಮಾಯವಾಗಬೇಕು ಎಂಬ ನಿಯಮವನ್ನು ಅವನು ಬರೆಯುತ್ತಿದ್ದ. ಆಟಗಾರ ಹೆಣವನ್ನು ಬಿಟ್ಟು ಒಂದು ಬೀದಿಯಷ್ಟು ದೂರ ಹೋದರೂ ಸರಿ, ಒಂದಷ್ಟು ಹೊತ್ತು ಕಳೆದರೂ ಸರಿ, ಹೆಣ ಅಳಿಸಿಹೋಗುತ್ತಿತ್ತು. ಅಳಿಸದೆ ಇಟ್ಟುಕೊಂಡರೆ ಹಳೆಯ ಕಂಪ್ಯೂಟರುಗಳ ಮೆಮೊರಿ ತುಂಬಿ ಆಟವೇ ಸ್ತಬ್ಧವಾಗುತ್ತಿತ್ತು. ಲೆಕ್ಕ ಸರಿಯಾಗಿತ್ತು, ಸಹೋದ್ಯೋಗಿಗಳು ಅವನಿಗಿಟ್ಟ ಹೆಸರೂ ಸರಿಯಾಗಿಯೇ ಇತ್ತು.

ಪೊರಕೆ ಬರೆದದ್ದನ್ನು ಸೋಸುವವಳು ಜರಡಿ. ಅವಳು ಪರೀಕ್ಷಕಿ. ದಿನವಿಡೀ ಅದೇ ಆಟವನ್ನು ಆಡಿ, ಗೋಡೆಯೊಳಗೆ ಕಾಲು ಸಿಕ್ಕಿಕೊಂಡವರನ್ನು, ಗಾಳಿಯಲ್ಲಿ ತೇಲುವ ಬಕೆಟ್ಟನ್ನು, ಸತ್ತ ಮೇಲೂ ಚೌಕಾಸಿಗೆ ನಿಂತ ಅಂಗಡಿಯವನನ್ನು ಹಿಡಿದುಕೊಡುವುದು ಅವಳ ಉದ್ಯೋಗ. ಕಚೇರಿಯಲ್ಲೊಂದು ಕಟ್ಟಳೆಯಿತ್ತು: ದೋಷ ಕಂಡವರು ಅದನ್ನು ಇನ್ನೊಬ್ಬರ ಕಣ್ಣೆದುರು ಎರಡು ಸಲ ಮಾಡಿ ತೋರಿಸಬೇಕು. ಒಂದು ಸಲ ಕಂಡರೆ ಭ್ರಮೆ, ಎರಡು ಸಲ ಕಂಡರೆ ದೋಷ ಎಂಬುದು ಆಟದ ನಿರ್ದೇಶಕನ ಮಾತು. ಅದನ್ನವನು ತನ್ನ ಕಾಫಿ ಕಪ್ಪಿನ ಮೇಲೆ ಅಚ್ಚು ಬೇರೆ ಹಾಕಿಸಿಕೊಂಡಿದ್ದ.

ಆಟದ ಕಥೆ ಮಾತ್ರ ಮಾನವಂತ ಕಥೆ. ಅದರಲ್ಲಿ ಆಟಗಾರ ಸೈನಿಕನಲ್ಲ; ಮುತ್ತಿಗೆ ಬಿದ್ದ ಊರಿನಲ್ಲಿ ಕೈಗಾಡಿ ತಳ್ಳಿಕೊಂಡು ಮನೆಮನೆಗೆ ನೀರು ಮುಟ್ಟಿಸುವವನು. ಯಾರಿಗೆ ಮೊದಲು ನೀರು, ಯಾರ ಸುದ್ದಿಯನ್ನು ಯಾರಿಗೆ ಹೇಳಬೇಕು, ಯಾವುದನ್ನು ನುಂಗಿಕೊಳ್ಳಬೇಕು ಎಂದು ತೀರ್ಮಾನಿಸುವುದೇ ಆಟ. ಊರ ಸೇತುವೆಯ ಮೇಲೆ ಕಾವಲು ನಿಂತ ಹುಡುಗನೊಬ್ಬನಿದ್ದ. ಹೆಲ್ಮೆಟ್ಟು ಅವನಿಗೆ ದೊಡ್ಡದು. ಮಾತಾಡುವಾಗ ಹುಬ್ಬಿನ ಮೇಲೆ ಜಾರುತ್ತಿತ್ತು. ದಿನವೂ ಒಂದು ಲೋಟ ನೀರು ಕುಡಿದು, ತಾನು ಚೆನ್ನಾಗಿದ್ದೇನೆಂದು ತಾಯಿಗೆ ತಿಳಿಸಿ ಎಂದು ಕೇಳಿಕೊಳ್ಳುತ್ತಿದ್ದ. ಒಂದು ಮುಂಜಾನೆ ಆಟಗಾರನ ಕಣ್ಣೆದುರೇ ಗುಂಡು ತಾಗಿ ಬೀಳುತ್ತಿದ್ದ. ಊರಿನ ಆ ತುದಿಯಿಂದ ತಾಯಿ ಅವನನ್ನು ಕೂಗುತ್ತಾ, ಹುಡುಕುತ್ತಾ ಹೊರಡುತ್ತಿದ್ದಳು.

ಆ ಕೂಗು ಜರಡಿಯ ಚಿಕ್ಕಮ್ಮನದು.

ಚಿಕ್ಕಮ್ಮ ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕೂತು, ಬಸ್ಸುಗಳು ಬಂದದ್ದನ್ನೂ ಹೊರಟದ್ದನ್ನೂ ಮೈಕಿನಲ್ಲಿ ಹೇಳುವವಳು. ಊರಿಗೆ ಅವಳ ಮುಖ ಗೊತ್ತಿಲ್ಲದಿದ್ದರೂ ದನಿ ಗೊತ್ತು. ಬಸ್ಸು ತಡವಾಗಲಿ, ಕೆಡಲಿ, ಬಾರದೇ ಇರಲಿ, ಆ ದನಿ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಓದಿನ ದಿನಗಳಿಂದ ಜರಡಿ ಅವಳ ಮನೆಯಲ್ಲೇ ಬೆಳೆದವಳು. ಆ ಮನೆಯ ಮಗ, ಜರಡಿ ತಮ್ಮಾ ಎಂದು ಕರೆಯುತ್ತಿದ್ದ ಹುಡುಗ, ಯುದ್ಧಕ್ಕೆ ಹೋದವನು ಮರಳಲಿಲ್ಲ. ದೇಹವೂ ಬರಲಿಲ್ಲ. 'ನಾಪತ್ತೆ' ಎಂಬ ಒಂದು ಪದ ಬಂತು, ಅಷ್ಟೆ. ಆಮೇಲೆ ಚಿಕ್ಕಮ್ಮ ಅವನನ್ನು ಬಾಯಿಬಿಟ್ಟು ಕರೆದದ್ದನ್ನು ಯಾರೂ ಕೇಳಿರಲಿಲ್ಲ.

ಆಟದ ತಾಯಿಗೆ ದನಿ ಬೇಕಾದಾಗ ನಟಿಯರು ಬಂದು ಅತ್ತು ಹೋದರು. ಅಳು ಚೆನ್ನಾಗಿತ್ತು, ಹುಡುಕಾಟ ಇರಲಿಲ್ಲ. ಜರಡಿಯೇ ಹಿಂಜರಿಯುತ್ತ ಚಿಕ್ಕಮ್ಮನನ್ನು ಕೇಳಿದಳು. ಚಿಕ್ಕಮ್ಮ ತೊಳೆಯುತ್ತಿದ್ದ ಪಾತ್ರೆಯನ್ನು ತೊಳೆದು ಮುಗಿಸಿ, ಕೈ ಒರೆಸಿಕೊಂಡು, ಒಂದೇ ಷರತ್ತು ಹಾಕಿದಳು.

"ನನಗಂತೂ ಅವನು ಸಿಗಲಿಲ್ಲ. ನಿಮ್ಮ ಆಟದಲ್ಲಿ ಆ ತಾಯಿಗಾದ್ರೂ ಮಗ ಸಿಗಬೇಕು. ಹೆಣವಾದ್ರೂ ಸರಿ, ಸಿಗಬೇಕು."

ನಿರ್ದೇಶಕ ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಮಾತು ಕೊಟ್ಟ. ಚಿಕ್ಕಮ್ಮ ಧ್ವನಿಮುದ್ರಣದ ಕೋಣೆಗೆ ಹೋಗಿ ಮೈಕಿನ ಮುಂದೆ ನಿಂತು, "ಪುಟ್ಟಾ" ಎಂದು ಕೂಗಿದಳು. ಮುದ್ರಿಸುತ್ತಿದ್ದವನು ಕಿವಿಯಿಂದ ಹೆಡ್‌ಫೋನ್ ತೆಗೆದಿಟ್ಟು ಗೋಡೆಯ ಕಡೆ ತಿರುಗಿ ಕುಳಿತ.

ಎಡವಟ್ಟು ಜರಡಿಯ ಕಣ್ಣಿಗೆ ಬಿದ್ದದ್ದು ಬಿಡುಗಡೆಯ ದಿನ ಹತ್ತಿರವಾದ ಮೇಲೆ. ಹುಡುಗ ಬಿದ್ದ ಕೂಡಲೇ ಪರದೆಯ ಮೂಲೆಯಲ್ಲಿ ಮುಂದಿನ ಕೆಲಸ ಮಿನುಗುತ್ತಿತ್ತು: ನೀರಿನ ತೊಟ್ಟಿಗೆ ಹೋಗು. ಆಡುವವರೆಲ್ಲ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಬೀದಿ ದಾಟಿದೊಡನೆ ಪೊರಕೆಯ ನಿಯಮ ಹೆಣವನ್ನು ಗುಡಿಸುತ್ತಿತ್ತು. ತಾಯಿಯದು ಅವಳದೇ ನಡಿಗೆ, ನಿಧಾನ. ಅವಳು ಸೇತುವೆ ಮುಟ್ಟುವಷ್ಟರಲ್ಲಿ ಮಗನಿಲ್ಲ. ಮಗನ ಬಳಿ ಹೋಗು ಎಂಬುದೊಂದೇ ಅವಳಿಗೆ ಕೊಟ್ಟ ಆದೇಶ. ಹೋಗಲು ಮಗನೇ ಇಲ್ಲದ ಕಾರಣ ಅವಳು ಆ ಖಾಲಿ ಜಾಗವನ್ನು ಸುತ್ತುತ್ತಿದ್ದಳು. ಸುತ್ತುತ್ತ ಕೂಗುತ್ತಿದ್ದಳು. ಆಟ ನಿಲ್ಲಿಸುವವರೆಗೂ ಕೂಗುತ್ತಿದ್ದಳು.

ಜರಡಿ ಪೊರಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಸಲ ತೋರಿಸಿದಳು. ಮೊದಲ ಸಲ ಅವನು, "ಏನ್ ಜರಡಿ ಮೇಡಂ, ಹೆಣಕ್ಕೂ ಬಿಡುವು ಕೊಡಲ್ವಾ?" ಎಂದು ನಗೆಯಾಡಿದ. ಎರಡನೆಯ ಸಲ ಚಹಾದ ಲೋಟವನ್ನು ದೂರ ಸರಿಸಿದ.

ನಿರ್ದೇಶಕನಿಗೆ ಪರಿಹಾರ ಬೆರಳ ತುದಿಯಲ್ಲೇ ಇತ್ತು. ಹೆಣ ಉಳಿಸಲು ಜಾಗವಿಲ್ಲ, ತಿದ್ದಲು ಸಮಯವಿಲ್ಲ, ಆದ್ದರಿಂದ ತಾಯಿಯನ್ನು ತೆಗೆದುಬಿಡಿ ಎಂದ. ನೆಗಡಿಯಾದರೆ ಮೂಗು ಕೊಯ್ಯುವ ವೈದ್ಯ. ಕೊಟ್ಟ ಮಾತು ಏನಾಯಿತೆಂದು ಜರಡಿ ಕೇಳಿದಾಗ, ಆ ಕೂಗನ್ನು ತಾನು ವ್ಯರ್ಥವಾಗಲು ಬಿಡುವವನಲ್ಲ ಎಂದು ಬೆನ್ನು ತಟ್ಟುವ ದನಿಯಲ್ಲಿ ಹೇಳಿದ.

ಬಿಡಲೂ ಇಲ್ಲ. ಆ ವಾರವೇ ಜಾಹೀರಾತಿನ ತುಣುಕು ಹೊರಬಿತ್ತು. ನಗಾರಿ ಬಡಿತ, ಉರಿಯುವ ಕಟ್ಟಡ, ಕತ್ತಲಾಗುವ ಪರದೆ, ಆ ಕತ್ತಲಲ್ಲಿ ಚಿಕ್ಕಮ್ಮನ ಕೂಗು. ಬಳಿಕ ಕೆಂಪಕ್ಷರ: ಅವಳ ಕರೆ. ನಿಮ್ಮ ಯುದ್ಧ.

ಜರಡಿ ಅದನ್ನು ಮೊದಲು ಕೇಳಿದ್ದು ಕಚೇರಿಯಲ್ಲಲ್ಲ. ಸಂಜೆ ಚಿಕ್ಕಮ್ಮನನ್ನು ಕರೆದೊಯ್ಯಲು ನಿಲ್ದಾಣಕ್ಕೆ ಹೋಗಿದ್ದಾಗ, ಗಾಜಿನ ಗೂಡಿನ ಮುಂದಿನ ಬೆಂಚಿನ ಮೇಲೆ ಕೂತ ಕಾಲೇಜು ಹುಡುಗರ ಫೋನಿನಿಂದ ಕೇಳಿದಳು. ಅದೇ ಹೊತ್ತಿಗೆ ನೆತ್ತಿಯ ಮೇಲಿನ ಧ್ವನಿವರ್ಧಕದಲ್ಲಿ ಚಿಕ್ಕಮ್ಮ ಯಾವುದೋ ಬಸ್ಸನ್ನು ಪ್ರಕಟಿಸುತ್ತಿದ್ದಳು. ಒಬ್ಬ ಹುಡುಗ ತಲೆಯೆತ್ತಿ, ಲೇ, ಅದೇ ದನಿ ಕಣೋ ಎಂದ. ಮರುಕ್ಷಣ ಬೆಂಚಿಗೆ ಬೆಂಚೇ ಮೂಗೆಳೆದು "ಪುಟ್ಟಾ" ಎಂದು ಕೂಗಿ ನಕ್ಕಿತು. ಮೇಲಿನ ಪ್ರಕಟಣೆ ಬಸ್ಸಿನ ಊರು ಹೇಳುವ ಮುನ್ನವೇ ನಿಂತುಹೋಯಿತು. ಪ್ರಯಾಣಿಕರು ಎಲ್ಲಿಯ ಬಸ್ಸು, ಎಲ್ಲಿಯ ಬಸ್ಸು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

ಮನೆಯ ಬೀಗ ತೆಗೆಯುತ್ತ ಚಿಕ್ಕಮ್ಮ ಬಾಗಿಲಿನ ಕಡೆಗೇ ಮುಖ ಮಾಡಿಕೊಂಡು ಹೇಳಿದಳು: "ನಿನ್ನ ಮಾತು ನಂಬಿ ಕೂಗಿದೆ ಕಣೇ."

ಜರಡಿಗೆ ಮೈಯೆಲ್ಲ ಉರಿಯಿತು. ಸಿಟ್ಟನ್ನೂ ಅವಳು ಬಿಡಿಸಿ, ವಿಂಗಡಿಸಿ ನೋಡುವ ಜಾತಿ. ಮೊದಲು ತನ್ನ ಪಾಲನ್ನು ಬೇರೆ ತೆಗೆದಿಟ್ಟಳು. ಕೇಳಿದವಳು ತಾನು, ಕರೆತಂದವಳು ತಾನು. ಉಳಿದದ್ದು ಬೆಟ್ಟದಷ್ಟಿತ್ತು. ಹುಡುಗರನ್ನು ಬೈದು ಫಲವೇನು? ಅವರ ಕೈಗೆ ಆ ಕೂಗನ್ನು ಆಟಿಕೆ ಮಾಡಿ ಕೊಟ್ಟವರು ಬೇರೆ. ಯುದ್ಧದಲ್ಲಿ ಮನುಷ್ಯ ಕಳೆದುಕೊಳ್ಳುವುದೇನೆಂದು ತೋರಿಸುತ್ತೇವೆ ಎಂದು ಊರಿಗೆಲ್ಲ ಸಾರಿ, ಕಳೆದುಕೊಂಡವಳ ಗಂಟಲನ್ನೇ ಕಿತ್ತು ನಗಾರಿಗೆ ಕಟ್ಟಿದ್ದರು. ಮಗನನ್ನು ಒಂದು ಯುದ್ಧ ಗುಡಿಸಿಹಾಕಿತ್ತು. ತಾಯಿಯನ್ನು ಗುಡಿಸಲು ಇವರು ಹೊರಟಿದ್ದರು.

ಮರುದಿನ ಬೆಳಗ್ಗೆ ಅವಳು ಪೊರಕೆಯ ಮೇಜಿನ ಮುಂದೆ ನಿಂತು, ಅವನು ಎಂದೂ ಗುಡಿಸದ ವಸ್ತು ಯಾವುದಾದರೂ ಆಟದಲ್ಲಿದೆಯೇ ಎಂದು ಕೇಳಿದಳು. ಪೊರಕೆ ತಲೆ ಕೆರೆದುಕೊಂಡ. ಆಟಗಾರನ ಕೈಯಲ್ಲಿರುವುದನ್ನು ಗುಡಿಸುವುದಿಲ್ಲ ಎಂದ. ಬಕೆಟ್ಟು, ಲೋಟ, ಗಾಡಿಯ ಹಿಡಿ.

"ಹಾಗಾದ್ರೆ ಆ ಹುಡುಗನ ಕೈ?"

ಪೊರಕೆ ಕೀಲಿಮಣೆ ಎಳೆದುಕೊಂಡ. ಮಧ್ಯಾಹ್ನದ ಊಟವನ್ನೂ ಮರೆತು ಇಬ್ಬರೂ ಕೂತು ಅದನ್ನು ಮಾಡಿದರು. ಈಗ ಆಟಗಾರ ಸತ್ತ ಹುಡುಗನ ಪಕ್ಕ ಕುಳಿತು ಒಂದು ಗುಂಡಿ ಒತ್ತಿ ಅವನ ಕೈ ಹಿಡಿಯಬಹುದು. ಒತ್ತಿಕೊಂಡೇ ಇದ್ದರೆ ಹೆಣ ಉಳಿಯುತ್ತದೆ. ಬಿಟ್ಟೆದ್ದು ಹೋದರೆ ಇಲ್ಲ. ತಾಯಿ ಬರುವವರೆಗೆ ಯಾರಾದರೊಬ್ಬರು ಕೂತಿರಬೇಕು, ಅಷ್ಟೆ.

ನಿರ್ದೇಶಕ ನೋಡಿ ತಲೆಯಾಡಿಸಿದ. ಸುಮ್ಮನೆ ಕೂರುವ ಆಟವನ್ನು ಯಾರು ಆಡುತ್ತಾರೆ, ಆಡುವವರಿಗೆ ಬೇಜಾರಾಗುತ್ತದೆ ಎಂದ.

"ಸತ್ತವನ ಹತ್ರ ಕೂರೋದು ಬೇಜಾರು ಅನ್ನೋವ್ರಿಗೆ ಯುದ್ಧದ ಕಥೆ ಯಾಕೆ ಸಾರ್ ಮಾರ್ತೀರಿ?" ಎಂದಳು ಜರಡಿ. ದನಿ ಏರಿಸಲಿಲ್ಲ, ಆದರೂ ಅಕ್ಕಪಕ್ಕದ ಕುರ್ಚಿಗಳು ತಿರುಗಿದವು.

ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು, ಮೈಮೇಲೆ ನಿಲ್ದಾಣದ ನೀಲಿ ಕೋಟು. ತನ್ನ ದನಿಯನ್ನು ವಾಪಸ್ಸು ಕೇಳಲು ಬಂದಿದ್ದಾಗಿ ಹೇಳಿದಳು. ನಿರ್ದೇಶಕ ಬನ್ನಿ ತಾಯಿ, ಬನ್ನಿ ಎನ್ನುತ್ತ ಕುರ್ಚಿ ಎಳೆದುಕೊಟ್ಟ. ದೋಷ ಇದ್ದದ್ದರಿಂದ ಹೀಗಾಯಿತು, ತಿದ್ದಿದ್ದೇವೆ ನೋಡಿ ಎಂದು ಒಂದು ಕ್ಷಣದ ಹಿಂದೆ ತಾನು ತಳ್ಳಿಹಾಕಿದ್ದನ್ನೇ ತಟ್ಟೆಯಲ್ಲಿಟ್ಟು ಕೊಡಲು ಹೊರಟ. ತಾನೇ ಆಡಿ ತೋರಿಸುವುದಾಗಿ ಕುಳಿತ.

ಹುಡುಗ ಬಿದ್ದ. ನಿರ್ದೇಶಕ ಅವನ ಕೈ ಹಿಡಿದ. ಬಹಳ ದೂರದಲ್ಲೆಲ್ಲೋ ಕೂಗು ಕೇಳಿಸಿತು. ಮೇಜಿನ ಮೇಲೆ ಫೋನ್ ನಡುಗಿತು. ಅವನು ಅದಕ್ಕೆ ಕೈ ಚಾಚಿ ಮಾತಾಡುತ್ತಲೇ, ರೂಢಿಬಲದಿಂದ ನೀರಿನ ತೊಟ್ಟಿಯ ಕಡೆ ಗಾಡಿ ತಿರುಗಿಸಿದ. ತಾಯಿ ಬಂದಳು. ಖಾಲಿ ಜಾಗವನ್ನು ಸುತ್ತಿದಳು. ಕೂಗಿದಳು. ಚಿಕ್ಕಮ್ಮ ಕೋಟಿನ ಗುಂಡಿಯನ್ನು ಹಿಡಿದುಕೊಂಡು ನೋಡಿದಳು.

ಫೋನ್ ಬಂದದ್ದರಿಂದ ಹಾಗಾಯಿತು ಎಂದು ನಿರ್ದೇಶಕ ಮತ್ತೆ ಶುರು ಮಾಡಿದ. ಈ ಸಲ ಫೋನನ್ನು ಬೋರಲು ಹಾಕಿದ. ಹುಡುಗ ಬಿದ್ದ, ಕೈ ಹಿಡಿದದ್ದಾಯಿತು. ಸೇತುವೆಯ ಮೇಲೆ ಗಾಳಿಯ ಸದ್ದು ಬಿಟ್ಟರೆ ಏನೂ ನಡೆಯಲಿಲ್ಲ. ಅವನು ಗಡಿಯಾರ ನೋಡಿದ. ಕುರ್ಚಿಯಲ್ಲಿ ಹೊರಳಿದ. ಮೂಲೆಯಲ್ಲಿ ಮುಂದಿನ ಕೆಲಸ ಮಿನುಗುತ್ತಲೇ ಇತ್ತು. ಅವನ ಹೆಬ್ಬೆರಳು ತಾನಾಗಿಯೇ ಎದ್ದಿತು, ಗಾಡಿ ಹೊರಟಿತು.

"ಎರಡು ಸಲ ಆಯ್ತು ಸಾರ್" ಎಂದಳು ಜರಡಿ. "ದೋಷ ಇದೆ. ಆಟದಲ್ಲಲ್ಲ."

ನಿರ್ದೇಶಕ ತನ್ನ ಕಪ್ಪನ್ನು ಕೈಗೆತ್ತಿಕೊಂಡು, ಅದರ ಮೇಲಿನ ಅಕ್ಷರ ಕಂಡವನಂತೆ ಮತ್ತೆ ಕೆಳಗಿಟ್ಟ. ತಾಯಿ ಇರಲಿ ಎಂದ. ಜಾಹೀರಾತನ್ನು ಹಿಂತೆಗೆಯಲು ಯಾರಿಗೋ ಹೇಳಿದ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು: ಆ ತುಣುಕು ಅಷ್ಟರಲ್ಲಿ ಎಷ್ಟು ಫೋನುಗಳಲ್ಲಿ ಹಂಚಿಹೋಗಿತ್ತೋ, ನಿಲ್ದಾಣದ ಬೆಂಚಿನವರು ಇನ್ನೆಷ್ಟು ದಿನ ನಗುವವರಿದ್ದರೋ, ಯಾರಿಗೆ ಗೊತ್ತು. ಅವಳ ಸಿಟ್ಟು ಇಳಿಯಲಿಲ್ಲ. ಇಳಿಯುವುದು ಅವಳಿಗೆ ಬೇಕೂ ಇರಲಿಲ್ಲ.

ಚಿಕ್ಕಮ್ಮ ನಿರ್ದೇಶಕನ ಮುಂದಿದ್ದ, ಆಟ ಆಡಿಸುವ ಕಂಟ್ರೋಲರನ್ನು ತೆಗೆದುಕೊಂಡು, ಯಾವ ಗುಂಡಿ ಎಂದು ಕೇಳಿದಳು. ಜರಡಿ ತೋರಿಸಿದಳು.

ಹುಡುಗ ಬಿದ್ದ. ಚಿಕ್ಕಮ್ಮ ಗುಂಡಿ ಒತ್ತಿ ಹಿಡಿದಳು. ದೊಡ್ಡ ಹೆಲ್ಮೆಟ್ಟು ಪಕ್ಕಕ್ಕೆ ಉರುಳಿತ್ತು. ಕೂಗು ಬೀದಿಬೀದಿಯಾಗಿ ಹತ್ತಿರವಾಯಿತು. ತನ್ನದೇ ದನಿ ತನ್ನ ಕಡೆಗೇ ನಡೆದು ಬರುವುದನ್ನು ಅವಳು ಕಣ್ಣು ಮಿಟುಕಿಸದೆ ಕೇಳಿಸಿಕೊಂಡಳು. ಗುಂಡಿಯ ಮೇಲಿನ ಹೆಬ್ಬೆರಳ ಉಗುರು ಬಿಳುಚಿತು. ಕಡೆಗೂ ತಾಯಿ ಸೇತುವೆ ಹತ್ತಿ ಬಂದಳು, ಮಗನನ್ನು ಕಂಡಳು, ಮಂಡಿಯೂರಿದಳು. ಕೂಗು ನಿಂತಿತು.

ಆಮೇಲೆ ಮೌನ. ಆಗ ಜರಡಿಗೆ ಹೊಳೆಯಿತು: ಮಗ ಸಿಕ್ಕ ಮೇಲೆ ತಾಯಿ ಆಡುವ ಮಾತನ್ನು ಯಾರೂ ಮುದ್ರಿಸಿಕೊಂಡಿರಲಿಲ್ಲ. ಹುಡುಕುವುದನ್ನು ಮಾತ್ರ ಕೇಳಿದ್ದರು.

ಚಿಕ್ಕಮ್ಮ ಪರದೆಯ ಹತ್ತಿರಕ್ಕೆ ಬಾಗಿ, ಯಾವ ಮೈಕಿಗೂ ಕೇಳದಷ್ಟು ಮೆಲ್ಲಗೆ ಏನೋ ಹೇಳಿದಳು. ಮತ್ತೊಂದಷ್ಟು ಹೇಳಿದಳು. ಹೇಳುವುದು ಬಹಳ ಇತ್ತು.

ಅಂದು ಕೂಗನ್ನು ಮುದ್ರಿಸಿಕೊಂಡವನು ಹಿಂದೆಯೇ ನಿಂತಿದ್ದ; ಮೇಜಿನ ಮೇಲಿನ ರೆಕಾರ್ಡರಿಗೆ ಕೈ ಹಾಕಿದ. ಚಿಕ್ಕಮ್ಮ ತಿರುಗಿ ನೋಡಿದಳು. ನಿಲ್ದಾಣದ ಆ ಅಲುಗದ ದನಿ ಅವಳಿಗೆ ಮರಳಿತ್ತು.

"ಇದು ಬೇಡಪ್ಪಾ. ಇದು ನಂದು."

ಅವನು ಕೈ ಹಿಂದಕ್ಕೆಳೆದುಕೊಂಡ. ಚಿಕ್ಕಮ್ಮ ಪರದೆಯ ಕಡೆ ತಿರುಗಿದಳು. ಹೆಬ್ಬೆರಳನ್ನು ಎತ್ತಲಿಲ್ಲ.