ಸಾಲುಮನೆಯ ಎರಡು ತುದಿ

ಗಿಡ್ಡಪ್ಪ ಫೋನು ಮಾಡಿದಾಗ ಸಂಗೀತಾ ಕಡೂರಿನ ತನ್ನ ಹೊಲಿಗೆ ಅಂಗಡಿಯಲ್ಲಿ ಯಾರದೋ ರವಿಕೆಯ ತೋಳು ಬಿಚ್ಚುತ್ತ ಕೂತಿದ್ದಳು. ಗಿಡ್ಡಪ್ಪ ಅಜ್ಜಂಪುರದಲ್ಲಿ ಮನೆ, ಸೈಟು ಕೊಡಿಸುವ ದಲ್ಲಾಳಿ. ಅಲ್ಲಿರುವ ತನ್ನ ಮನೆಗೊಂದು ಗಿರಾಕಿ ನೋಡಪ್ಪ ಎಂದು ಅವಳು ಅವನಿಗೆ ಹೇಳಿಟ್ಟು ವರ್ಷದ ಮೇಲಾಗಿತ್ತು.

"ಅಕ್ಕಾರೇ, ನಿಮ್ ಮನೆ ಈಗ ಮೊದಲ್ನೇ ಮನೆ ಆಗೈತೆ. ರೇಟು ಏರ್ಬಿಟ್ಟೈತೆ. ಒಂದ್ಸಲ ಬಂದು ಹೋಗಿ."

"ನಮ್ದು ಕೊನೇ ಮನೆ ಅಲ್ವೇನಪ್ಪಾ?"

"ಕೊನೇದೇ ಇತ್ತು. ಈಗ ಮೊದಲ್ನೇದು."

ಕಟ್ಟಿದ ಜಾಗದಲ್ಲೇ ಇರುವ ಮನೆ ಕೊನೆಯಿಂದ ಮೊದಲಿಗೆ ಬರುವುದು ಹೇಗೆ ಎಂದು ಕೇಳುವಷ್ಟರಲ್ಲಿ ಅವನು ಫೋನಿಟ್ಟಿದ್ದ.

ಆ ಸಾಲುಮನೆಗಳನ್ನು ಕಟ್ಟಿಸಿದವರು ಅವಳ ತಂದೆ, ಈರುಳ್ಳಿ ವ್ಯಾಪಾರದ ಬಸವರಾಜಪ್ಪ. ರೈಲು ಹಳಿಯಾಚೆ, ಗೇಟಿನ ಪಕ್ಕದಿಂದ ಶುರುವಾಗಿ ಹೊಲದವರೆಗೆ, ಒಂದರ ಗೋಡೆಗೆ ಒಂದು ಅಂಟಿಕೊಂಡ ಆರು ಮನೆಗಳು. ವ್ಯಾಪಾರ ಕೈಕೊಟ್ಟ ಕಾಲದಲ್ಲಿ ನಡುವಿನ ನಾಲ್ಕನ್ನು ಮಾರಿದರೂ ತುದಿಯ ಎರಡನ್ನು ಅವರು ಬಿಡಲಿಲ್ಲ. ತುದಿಯ ಮನೆಗೆ ಮೂರು ಕಡೆಯಿಂದ ಗಾಳಿ ಬೆಳಕು. ನಡುವಿನ ಮನೆಗೆ ಮುಂದೊಂದು ಹಿಂದೊಂದು ಕಿಟಕಿ, ಜೊತೆಗೆ ಎರಡೂ ಪಕ್ಕದವರ ಮಿಕ್ಸಿ ಸದ್ದು ಎನ್ನುತ್ತಿದ್ದರು. ತುದಿಗಳಲ್ಲೂ ಗೇಟಿನ ಕಡೆಯದಕ್ಕೇ ಹೆಚ್ಚು ಬೆಲೆ. ಗೇಟು ದಾಟಿದರೆ ಪೇಟೆ. ಹೊಲದ ಕಡೆಯದೆಂದರೆ ದಾರಿ ಮುಗಿದುಹೋಗುವ ಜಾಗ.

ತಂದೆ ಹೋದ ಮೇಲೆ ಭಾಗವಾದಾಗ ಗೇಟಿನ ಕಡೆಯ ಮನೆ ಅಣ್ಣ ಗುರುಮೂರ್ತಿಗೂ ಹೊಲದ ಕಡೆಯದು ಸಂಗೀತಾಳಿಗೂ ಬಂದವು. ತಂಗಿಗೆ ಕಡಿಮೆಯಾಗಬಾರದೆಂದು ಬೀರೂರು ರಸ್ತೆಯ ಒಂದು ಸೈಟನ್ನೂ ಅಣ್ಣ ಅವಳಿಗೇ ಬಿಟ್ಟುಕೊಟ್ಟ. ಅದನ್ನು ಮಾರಿಯೇ ಅವಳು ಕಡೂರಿನಲ್ಲಿ ಅಂಗಡಿ ಇಟ್ಟದ್ದು. ಈಗ ಬಾಡಿಗೆಯ ಆ ಮಳಿಗೆಯನ್ನು ಅದರ ಮಾಲೀಕರು ಮಾರಲು ಹೊರಟಿದ್ದರು. ಅಜ್ಜಂಪುರದ ಮನೆ ಮಾರಿಹೋದರೆ ಮಳಿಗೆ ತನ್ನದಾಗುತ್ತದೆ ಎಂಬುದು ಅವಳ ಆಸೆ.

ಭಾನುವಾರ ಅವಳು ಅಜ್ಜಂಪುರದಲ್ಲಿ ರೈಲಿಳಿದು ಎಂದಿನ ದಾರಿಯಲ್ಲೇ ನಡೆದಳು. ಮದುವೆ ಸೀಜನ್ನಿನ ಹೊಲಿಗೆ, ಆಮೇಲೆ ಶಾಲೆ ಸಮವಸ್ತ್ರದ ಹೊಲಿಗೆ ಎಂದು ಬಹಳ ದಿನ ಈ ಕಡೆ ಬಂದಿರಲಿಲ್ಲ. ಗೇಟು ಮುಚ್ಚುತ್ತಾರಂತೆ ಎಂದು ಅಣ್ಣ ಫೋನಿನಲ್ಲಿ ಹೇಳಿದ್ದು ನೆನಪಿತ್ತು. ಆದರೆ ಗೇಟು ಇದ್ದ ಕಡೆ ಆಳೆತ್ತರದ ಸಿಮೆಂಟು ಗೋಡೆ ಎದ್ದಿರುತ್ತದೆಂದು ಅಂದುಕೊಂಡಿರಲಿಲ್ಲ. ಗೋಡೆಯ ಮೇಲಿಂದ ಅಣ್ಣನ ಮನೆಯ ನೀರಿನ ಟ್ಯಾಂಕು ಕಾಣುತ್ತಿತ್ತು, ಹೋಗಲು ದಾರಿಯಿಲ್ಲ. ಎಮ್ಮೆ ಹೊಡೆದುಕೊಂಡು ಬಂದ ಹೆಂಗಸೊಬ್ಬಳು, "ಹಂಗೇ ಮುಂದಕ್ಕೋಗಿ, ಅಂಡರ್‌ಪಾಸ್‌ನಾಗೆ ಇಳಿದು ಹತ್ತಿ" ಎಂದಳು.

ಹಳಿಯ ಪಕ್ಕದಲ್ಲೇ ನಡೆದು, ಹೊಸ ಕೆಳಸೇತುವೆಯಲ್ಲಿ ಇಳಿದು, ಆ ಕಡೆ ಹತ್ತಿದಾಗ ಎದುರಿಗೊಂದು ಮನೆ ಕಂಡಿತು. ಯಾರ ಮನೆಯೋ ಎಂದು ದಾಟಿ ಹೊರಟವಳು ಪಕ್ಕದ ಗೋಡೆಯ ಹಸಿರು ಕಿಟಕಿ ನೋಡಿ ನಿಂತಳು. ಅದು ತನ್ನದೇ ಮನೆ. ಪೇಟೆಯಿಂದ ಬರುವವರಿಗೆ ಈಗ ಅದೇ ಮೊದಲನೆಯದು. ಹುಟ್ಟಿದಾಗಿನಿಂದ ಅವಳು ಆ ಮನೆಯನ್ನು ಈ ದಿಕ್ಕಿನಿಂದ ನೋಡಿಯೇ ಇರಲಿಲ್ಲ.

ಬಾಗಿಲಲ್ಲಿ ಗಿಡ್ಡಪ್ಪನ ಜೊತೆ ಓಂಕಾರೇಶ್ ಎಂಬವನು ಕಾಯುತ್ತಿದ್ದ. ತರೀಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ನಡೆಸುವವನು, ಇಲ್ಲೂ ಒಂದು ತೆರೆಯಬೇಕೆಂದಿದ್ದ. ಮನೆಯ ಒಳಗೆ ಅವನು ಇಣುಕಿ ಕೂಡ ನೋಡಲಿಲ್ಲ. ಪಕ್ಕದ ಗೋಡೆಯನ್ನೇ ಕೈಯಿಂದ ತಟ್ಟುತ್ತ, "ಇದನ್ನ ಒಡೆದು ಶಟರ್ ಹಾಕಿದ್ರೆ ನೇರ ರಸ್ತೆಗೇ ಮುಖ. ನಡುವಿನ ಮನೆಗಳಲ್ಲಿ ಇದು ಆಗಲ್ಲ ಕಣ್ರೀ" ಎಂದ. ಆಮೇಲೆ ಒಂದು ಬೆಲೆ ಹೇಳಿದ. ಸಂಗೀತಾ ಕೇಳಬೇಕೆಂದುಕೊಂಡು ಬಂದದ್ದಕ್ಕಿಂತ ಅದು ಎಷ್ಟೋ ಹೆಚ್ಚಿತ್ತು.

"ನಮ್ಮಣ್ಣನ್ನ ಒಂದು ಮಾತು ಕೇಳಿ ಬತ್ತೀನಿ" ಎಂದಳು.

"ಕೇಳಿ, ಕೇಳಿ," ಎಂದ ಗಿಡ್ಡಪ್ಪ. "ಪಾಪ, ಅವರದು ಮೂಲೇಲಿ ಸಿಕ್ಕಾಕ್ಕೊಂಡ್ತು. ಇನ್ನು ಅದನ್ನ ಯಾರು ಕೇಳ್ತಾರೆ?"

ಅವಳ ಸಂತೋಷ ಅಲ್ಲಿಗೆ ಇಳಿಯಿತು. ಅಣ್ಣನ ಮನೆಯ ಕಡೆ ನಡೆಯುತ್ತಿದ್ದರೆ ತಲೆಯಲ್ಲಿ ಒಂದೇ ಗೊಂದಲ. ಕಡಿಮೆಯ ಮನೆ ಬಂತೆಂದು ತಾನು ಸೈಟು ತೆಗೆದುಕೊಂಡೆ. ಈಗ ಕಡಿಮೆಯದೇ ಹೆಚ್ಚಾಗಿದೆ. ಹಾಗಾದರೆ ಸೈಟು ಅಣ್ಣನದಾಗಬೇಕಲ್ಲವೆ? ವಾಪಸು ಕೊಡೋಣವೆಂದರೆ ಅದನ್ನು ಮಾರಿಯಾಗಿದೆ. ಯಾರೂ ಮೋಸ ಮಾಡಿಲ್ಲ, ಆದರೂ ಮೋಸ ಆಗಿಹೋದ ಹಾಗಿದೆ.

ಅಣ್ಣನ ಮನೆಯ ಜಗುಲಿಯಲ್ಲಿ ತಾಯಿ ತೀರ್ಥಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಅತ್ತಿಗೆ ಊರಿಗೆ ಹೋಗಿದ್ದರಿಂದ ಗುರುಮೂರ್ತಿಯೇ ಕಾಫಿ ಮಾಡಿ ತಂದ. ಗಿರಾಕಿ ಬಂದಿದ್ದಾನೆ ಎಂದು ಸಂಗೀತಾ ಹೇಳಿದಳು. ಎಷ್ಟಕ್ಕೆ ಎಂದು ಅವನು ಕೇಳಲಿಲ್ಲ.

"ಈಗ್ಲೇ ಬ್ಯಾಡ. ಸ್ವಲ್ಪ ತಡಿ" ಎಂದ.

"ಯಾಕಣ್ಣಾ?"

ಅವನು ಲೋಟದೊಳಗೇ ನೋಡುತ್ತ ಕೂತ. ಪಾಲು ಕೇಳಲು ನಾಚಿಕೆಪಡುತ್ತಿದ್ದಾನೆ ಎಂದುಕೊಂಡು ಅವಳೇ ಬಾಯಿ ಬಿಟ್ಟಳು. "ಬಂದಿದ್ರಲ್ಲಿ ನಿಂಗೂ ಒಂದು ಪಾಲು ಕೊಡ್ತೀನಿ. ಅದಕ್ಕೆ ಯೋಚ್ನೆ ಮಾಡ್ಬೇಡ."

ಗುರುಮೂರ್ತಿ ಲೋಟ ಕೆಳಗಿಟ್ಟು, ಎದ್ದು ಹಿತ್ತಲಿಗೆ ಹೋದ.

"ಏನೇ ಹಂಗಂದ್ಬಿಟ್ಟೆ ಅವನಿಗೆ?" ಎಂದಳು ತೀರ್ಥಮ್ಮ.

"ಇನ್ನೇನನ್ಲಮ್ಮ? ಇವನ ಮನೆ ಬೆಲೆ ಬಿದ್ದೋಯ್ತು, ನಂದು ಏರ್ತು. ಸುಮ್ನೆ ಇರಕ್ಕಾಗ್ತದಾ?"

ತೀರ್ಥಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿ ಮಗಳನ್ನೇ ನೋಡಿದಳು. "ನಿಂದು ಏರ್ತಾ? ತಂಗಿ ಮನೆ ಹಾಳಾಯ್ತು ಅಂತ ಅವನು ಮಳೆ ಬಂದಾಗಿಂದ ಕೊರಗ್ತಾ ಇದಾನೆ ಕಣೇ."

ಸಂಗೀತಾಳಿಗೆ ತಲೆಬುಡ ತಿಳಿಯಲಿಲ್ಲ. ತಾಯಿಯೇ ಬಿಡಿಸಿ ಹೇಳಿದಳು. ಗೇಟು ಇದ್ದಾಗ ರೈಲು ಬರುವ ಹೊತ್ತಿಗೆಲ್ಲ ಲಾರಿಗಳು ಎಂಜಿನ್ನು ಆರಿಸದೆ ಈ ಮನೆಯ ಕಿಟಕಿಯ ಹತ್ತಿರವೇ ನಿಲ್ಲುತ್ತಿದ್ದವು. ಹೊಗೆ, ಹಾರನ್ನು, ಜಗಳ. ಈಗ ಗೋಡೆ ಎದ್ದ ಮೇಲೆ ಧೂಳಿಲ್ಲ, ಸದ್ದಿಲ್ಲ, ಮಧ್ಯಾಹ್ನ ಕಣ್ಣು ಮುಚ್ಚಿದರೆ ನಿದ್ದೆ ಬರುತ್ತದೆ. "ನಂಗೆ ಒಳ್ಳೇ ತುದಿ ಸಿಕ್ಬಿಡ್ತು, ಅವಳಿಗೆ ಆ ಸೈಟೂ ಸಾಲ್ದು ಈಗ ಅಂತಾನೆ."

ಅಷ್ಟರಲ್ಲಿ ಗುರುಮೂರ್ತಿ ಚಪ್ಪಲಿ ಮೆಟ್ಟಿಕೊಂಡು ಬಂದ. "ಬಾ ಇಲ್ಲಿ" ಎಂದು ತಂಗಿಯನ್ನು ಅವಳ ಮನೆಯ ಹಿಂಬದಿಗೆ ಕರೆದುಕೊಂಡು ಹೋದ. ಹಿಂದಿನ ಗೋಡೆಯ ಉದ್ದಕ್ಕೂ ಮೊಣಕಾಲೆತ್ತರಕ್ಕೆ ಕೆಸರಿನ ಕಲೆ ಇತ್ತು. ಜೋರು ಮಳೆ ಬಂದರೆ ಕೆಳಸೇತುವೆಯಲ್ಲಿ ನಿಂತ ನೀರು ಉಕ್ಕಿ ಇಲ್ಲಿಯವರೆಗೆ ಬರುತ್ತದಂತೆ.

"ಇಂಥಾದ್ದಕ್ಕೆ ಯಾರು ಸರಿಯಾಗಿ ರೇಟು ಕೊಡ್ತಾರೆ? ನಿಂಗೆ ಗೊತ್ತಾಗೋದ್ರೊಳಗೆ ನಾನೇ ಒಂದು ಚರಂಡಿ ತೆಗ್ಸಿ, ಗಾರೆ ಮಾಡಿಸ್ಬಿಡೋಣ ಅಂತಿದ್ದೆ. ತಡಿ ಅಂದಿದ್ದು ಅದಕ್ಕೆ. ನೀನು ಪಾಲು ಕೊಡ್ತೀನಿ ಅಂತೀಯ."

ಸಂಗೀತಾಳಿಗೆ ನಗು ಬಂತು, ಬಂದ ಹಾಗೆಯೇ ಹೋಯಿತು. ತನಗೆ ಹೆಚ್ಚು ಬಂತೆಂದು ತಾನು ಕುಗ್ಗಿದರೆ, ತನಗೆ ಹೆಚ್ಚು ಬಂತೆಂದು ಅಣ್ಣನೂ ಕುಗ್ಗಿದ್ದಾನೆ. ಇಬ್ಬರಿಗೂ ಹೆಚ್ಚು ಬರುವುದು ಹೇಗೆ ಸಾಧ್ಯ? ಕಲೆಯನ್ನು ನೋಡುತ್ತ ನಿಂತವಳಿಗೆ ಓಂಕಾರೇಶನ ನೆನಪಾಯಿತು. ಅವನು ಇದನ್ನು ನೋಡಿದ್ದಾನೋ ಇಲ್ಲವೋ? ನೋಡಿಲ್ಲದಿದ್ದರೆ ಆ ಬೆಲೆ ತೆಗೆದುಕೊಳ್ಳುವುದು ಸರಿಯೆ?

ಅವಳು ಹೋಗಿ ಅವನನ್ನೇ ಕರೆದು ತಂದಳು. ಗಿಡ್ಡಪ್ಪ ಹಿಂದಿನಿಂದ, "ಅಕ್ಕಾರೇ, ಹಿತ್ಲಲ್ಲೇನಿದೆ, ಬನ್ನಿ" ಎನ್ನುತ್ತಲೇ ಇದ್ದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

"ಮಳೇಲಿ ಇಲ್ಲಿ ತನಕ ನೀರು ಬರ್ತದಂತೆ. ನಂಗೂ ಈಗ್ಲೇ ಗೊತ್ತಾಗಿದ್ದು" ಎಂದಳು.

ಓಂಕಾರೇಶ್ ಕುಕ್ಕರುಗಾಲಲ್ಲಿ ಕೂತು ಕಲೆಯನ್ನು ಉಗುರಿನಿಂದ ಕೆರೆದು ನೋಡಿದ. "ಗೊತ್ತು ಕಣಮ್ಮ. ಆವತ್ತು ಅಂಡರ್‌ಪಾಸಲ್ಲಿ ಟ್ರ್ಯಾಕ್ಟರ್ ನಿಂತೋಗಿ ತರೀಕೆರೆಗೆ ಫೋನ್ ಬಂತು. ಬಂದು ಎಳೆಸಿದ್ದೇ ನಾನು. ಆಗ್ಲೇ ಈ ಮನೆ ನೋಡಿಟ್ಕೊಂಡಿದ್ದು."

"ಹಂಗಾದ್ರೆ ನೀರು ಬರ್ತದೆ ಅಂತ್ಲೇ ಜಾಸ್ತಿ ಕೊಡ್ತೀರಾ?" ಎಂದ ಗುರುಮೂರ್ತಿ.

"ನೀರಿಗಲ್ಲ ಸಾರ್, ಜಾಗಕ್ಕೆ. ನೆಲ ಎತ್ತರಿಸ್ಕೋತೀನಿ. ಗಾಡಿ ಕೆಟ್ಟು ನಿಲ್ಲೋ ಕಡೆ ತಾನೇ ನನ್ನ ಕೆಲಸ?"

ಮಾತು ಕೇಳಿ ಮೂರನೇ ಮನೆಯ ಹನುಮಂತಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದಳು. "ಗಿಡ್ಡಪ್ಪಾ, ನಮ್ ಮನೆ ರೇಟು ಏರ್ತೋ, ಇಳೀತೋ?" ಎಂದು ಕೇಳಿದಳು.

"ನಡುವಿನವು ಎಂಗಿದ್ವೋ ಹಂಗೇ ಕಣಮ್ಮ."

ಇದಕ್ಕೆ ಸಂತೋಷಪಡಬೇಕೋ ಬೇಜಾರುಪಡಬೇಕೋ ತಿಳಿಯದೆ ಅವಳು ಒಳಗೆ ಹೋದಳು.

ಅವತ್ತು ಊಟಕ್ಕೆ ಕೂತಾಗ ಅಣ್ಣ ತಂಗಿ ಮತ್ತೆ ಶುರು ಮಾಡಿದರು. ತಗೋ ಎಂದು ಅವಳು, ತಗೊಳ್ಳಲ್ಲ ಎಂದು ಅವನು. ಚರಂಡಿಯ ಖರ್ಚಾದರೂ ನನ್ನದು ಎಂದು ಅವನು, ಮಾರುವ ಮನೆಗೆ ಚರಂಡಿ ಯಾಕೆ ಎಂದು ಅವಳು. ತೀರ್ಥಮ್ಮ ಇಬ್ಬರ ತಟ್ಟೆಗೂ ಅವರೆಕಾಳಿನ ಸಾರು ಬಡಿಸಿ, "ಭಾಗ ಆಗಿದ್ದು ಆಗೋಯ್ತು. ಇನ್ನು ಸಾಕು ಸುಮ್ನಿರಿ" ಎಂದಳು. ಒಪ್ಪದಿದ್ದರೂ ಇಬ್ಬರೂ ಅನ್ನ ಕಲಸತೊಡಗಿದರು.

ಮನೆ ಓಂಕಾರೇಶನ ಹೆಸರಿಗೆ ನೋಂದಣಿ ಆಯಿತು. ಕಡೂರಿನ ಮಳಿಗೆ ಸಂಗೀತಾಳ ಹೆಸರಿಗೆ ಬಂತು. ಅಜ್ಜಂಪುರದ ಹಸಿರು ಕಿಟಕಿಯ ಗೋಡೆ ಹೋಗಿ ಶಟರ್ ಬಂತು.

ಮುಂದಿನ ಮಳೆಗಾಲದಲ್ಲಿ ಒಂದು ಸಂಜೆ ಜೋರು ಮಳೆ ಹೊಯ್ದಾಗ ಅವಳು ತಾಯಿಗೆ ಫೋನು ಮಾಡಿದಳು. ಅಂಡರ್‌ಪಾಸು ತುಂಬಿದೆ, ಗಾಡಿಗಳು ಸಿಕ್ಕಿಕೊಂಡಿವೆಯಂತೆ ಎಂದಳು ತೀರ್ಥಮ್ಮ.

"ಅಣ್ಣ ಎಲ್ಲಿ?"

"ಇನ್ನೆಲ್ಲಿ? ಓಂಕಾರೇಶನ ಗ್ಯಾರೇಜಲ್ಲಿ. ಈರುಳ್ಳಿ ಮಂಡಿ ಕೆಲಸ ಮುಗಿಸಿ ಬಂದ್ರೆ ದಿನಾ ಅಲ್ಲೇ ಕುರ್ಚಿ ಹಾಕ್ಕೊಂಡು ಕೂತಿರ್ತಾನೆ."

"ಆ ಸದ್ದಿನ ಮಧ್ಯಾನಾ? ಈಗ ಸದ್ದಿಲ್ಲ, ನಂಗೆ ಒಳ್ಳೇ ತುದಿ ಸಿಕ್ತು ಅಂತಿದ್ನಲ್ಲ?"

"ಈಗ್ಲೂ ಹಂಗೇ ಅಂತಾನೆ," ಎಂದಳು ತೀರ್ಥಮ್ಮ. "ಅಂದ್ಬಿಟ್ಟು ಎದ್ದು ಅಲ್ಲಿಗೇ ಹೋಗ್ತಾನೆ. ನಂಗೂ ಅರ್ಥ ಆಗಲ್ಲ ಕಣೇ."