ದೊಡ್ಡಮುನಿಯಪ್ಪನ ಕಲ್ಲಿಗೆ ಮೂರು ಸಾಲು

ಕುಂದಲಹಳ್ಳಿಯ ಮುನಿಕೃಷ್ಣ ತನ್ನ ಮುತ್ತಾತ ದೊಡ್ಡಮುನಿಯಪ್ಪನ ಹೆಸರಿನಲ್ಲಿ ಮನೆಯೆದುರು ಒಂದು ಕಲ್ಲು ನೆಡಿಸಲು ಹೊರಟ. ಮುತ್ತಾತ ಮೈಸೂರು ಅರಸರ ಕುದುರೆ ಪಡೆಯಲ್ಲಿ ಲಾಯದ ಆಳಾಗಿದ್ದು, ಮೊದಲ ಮಹಾಯುದ್ಧಕ್ಕೆ ಹೋಗಿ ಈಜಿಪ್ಟಿನ ಮರಳಿನಲ್ಲಿ ಸತ್ತವನು. ಕಲ್ಲಿಗೆ ಮೂರು ಸಾಲು ಬರೆಯುವ ಕೆಲಸ ಮುನಿಕೃಷ್ಣನ ಮಗಳು ದೀಪಶ್ರೀಗೆ ಬಿತ್ತು. ಪಿಯು ಕಾಲೇಜಿನಲ್ಲಿ ಇತಿಹಾಸದ ಪಾಠ ಹೇಳುವವಳು. ಹತ್ತು ನಿಮಿಷದ ಕೆಲಸ ಅಂದುಕೊಂಡಳು.

“ಯಾಕ್ ಸತ್ತ ಅಂತ್ಲೂ ಬರಿ” ಎಂದಳು ಅಜ್ಜಿ ಪಿಳ್ಳಮ್ಮ.

“ಸರಾಯೇವೊ ಅಂತ ಒಂದೂರಲ್ಲಿ ಆಸ್ಟ್ರಿಯಾ ಯುವರಾಜನ್ನ ಗುಂಡಿಕ್ಕಿ ಕೊಂದ್ರು. ಆಸ್ಟ್ರಿಯಾ ಸರ್ಬಿಯಾ ಮೇಲೆ ಬಿತ್ತು. ಸರ್ಬಿಯಾ ಬೆನ್ನಿಗೆ ರಷ್ಯಾ, ಆಸ್ಟ್ರಿಯಾ ಬೆನ್ನಿಗೆ ಜರ್ಮನಿ.”

“ಜರ್ಮನಿಯೋರು ರಷ್ಯಾ ಮ್ಯಾಗೆ ನುಗ್ಗುದ್ರಾ?”

“ಇಲ್ಲ, ಮೊದ್ಲು ಫ್ರಾನ್ಸ್ ಮೇಲೆ.”

“ಅದೇನ್ ಮಾಡಿತ್ತು?”

“ರಷ್ಯಾಕ್ಕೆ ಮಾತು ಕೊಟ್ಟಿತ್ತು. ರಷ್ಯಾ ಸೈನ್ಯ ಸೇರೋದು ತಡ ಆಗುತ್ತೆ, ಅಷ್ಟರಲ್ಲಿ ಫ್ರಾನ್ಸನ್ನ ಆರು ವಾರದಲ್ಲಿ ಮುಗಿಸ್ಬಿಡೋಣ ಅಂತ ಜರ್ಮನಿ ದಂಡನಾಯಕರ ಯೋಜನೆ. ಅದಕ್ಕೆ ಬೆಲ್ಜಿಯಂ ದಾಟಿ ಹೋದ್ರು. ಬೆಲ್ಜಿಯಂ ಕಾಯ್ತೀವಿ ಅಂತ ಬ್ರಿಟನ್ ಮಾತು ಕೊಟ್ಟಿತ್ತು. ಬ್ರಿಟನ್ ಕೈಕೆಳಗೆ ನಾವು.”

ಪಿಳ್ಳಮ್ಮ ಯೋಚಿಸಿದಳು. “ಅಂಗಾರೆ ಇವನು ಈಜಿಪ್ಟಿಗ್ಯಾಕ್ ಓದ?”

“ಆಮೇಲೆ ತುರ್ಕಿ ಜರ್ಮನಿ ಕಡೆ ಸೇರ್ತು, ಬ್ರಿಟನ್ ಕೈಲಿದ್ದ ಈಜಿಪ್ಟ್ ಮೇಲೆ ಬಿತ್ತು...” ದೀಪಶ್ರೀ ತಡವರಿಸಿದಳು. ಪ್ರತಿವರ್ಷ ಹೇಳುವ ಪಾಠ. ಒಂದೊಂದು ಮಾತೂ ಸರಿಯೇ. ಆದರೆ ಈ ಯುದ್ಧ ಯಾರಿಗೆ ಬೇಕಾಗಿತ್ತು ಎಂಬುದೇ ಈಗ ಅವಳ ಕೈಗೆ ಸಿಗಲಿಲ್ಲ. “ಎಲ್ರೂ ಬೇಗ ಮುಗಿಯುತ್ತೆ ಅಂದ್ಕೊಂಡಿದ್ರು ಅಜ್ಜಿ.”

“ಇವನೂ ಅಂಗೇ ಅಂದಿದ್ನಂತೆ, ಸಂಕ್ರಾಂತಿಗೆ ಬತ್ತೀನಿ ಅಂತ. ನಾನ್ ಸೊಸೆಯಾಗ್ ಬಂದಾಗ ಇವನೆಂಡ್ತಿ ಇನ್ನೂ ಇದ್ಲು. ಆ ವರ್ಷದ ಅವರೆಕಾಳು ಇವನಿಗೇಂತ ಎತ್ತಿಟ್ಟಿದ್ಲಂತೆ. ಉಳ ಬಿದ್ದೋಯ್ತು ಅನ್ನೋಳು.”

‘ನಾಡಿಗಾಗಿ ವೀರಮರಣ’ ಎಂದು ದೀಪಶ್ರೀ ಬರೆದಳು. ಯಾವ ನಾಡು? ಹೊಡೆದು ಹಾಕಿದಳು. ‘ಬ್ರಿಟನ್ನಿಗಾಗಿ’ ಎಂದು ಬರೆದು ಅದನ್ನೂ ಹೊಡೆದಳು.

“ಕಲ್ಲಿನವನು ಕಾಯ್ತಾ ಇದ್ದಾನೆ, ಏನೋ ಒಂದು ಬರಿಯಮ್ಮ” ಎಂದು ಮುನಿಕೃಷ್ಣ ಗದರಿದ.

“ಗೊತ್ತಾಗ್ತಿಲ್ಲಪ್ಪ. ಸುಳ್ಳು ಕೆತ್ತಿಸೋದು ಬೇಡ.”

ಕಡೆಗೆ ಹೆಸರು, ಕೆಲಸ ಒಂದು ಸಾಲು. ಸತ್ತ ಜಾಗ ಇನ್ನೊಂದು. ಮೂರನೆಯ ಸಾಲಿನ ಜಾಗ ಖಾಲಿ ಬಿಟ್ಟು ಕಲ್ಲು ನೆಟ್ಟರು. ಮುನಿಕೃಷ್ಣ ಎರಡು ದಿನ ಮಗಳೊಂದಿಗೆ ಮಾತಾಡಲಿಲ್ಲ. ಪಿಳ್ಳಮ್ಮ ಮಾತ್ರ ಬೆಳಿಗ್ಗೆ ಎದ್ದು ಕಲ್ಲಿಗೆ ನೀರು ಹಾಕಿ, ಕುಂಕುಮವಿಟ್ಟು, ಒಳಗೆ ಬಂದು ಮೊಮ್ಮಗಳನ್ನು ಕೇಳಿದಳು: “ಆ ಬೆಲ್ಜಿಯಂ ಇಸ್ಯ ಇನ್ನೊಂದ್ಸಲ ಏಳು.”